ಅಕ್ಕನ ಹತ್ರ ಕೇಳಿ: ನಂಬಿಕೆ ಬಂದ್ಮೇಲೆ ಬದುಕು ಬೇರೆ ಥರ ಕಾಣುತ್ತಾ?

ಹೋದ ಸಂಚಿಕೆಯಲ್ಲಿ ಒಬ್ಬರ ಪ್ರಶ್ನೆಗೆ ಉತ್ತರ ಬರೀತಾ ಕ್ರೈಸ್ತ ನಂಬಿಕೆ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ಅಷ್ಟೇ, ಅದಕ್ಕೆ ಇಷ್ಟೊಂದು ಪತ್ರ ಬರುತ್ತೆ ಅಂದ್ಕೊಂಡಿರಲಿಲ್ಲ. ನಂಬಿದವರು, ನಂಬದವರು, ನಂಬಿ ಸುಸ್ತಾದವರು ಎಲ್ಲರೂ ಬರೆದಿದ್ದೀರಿ. ಹಾಗಾಗಿ ಈ ಸಲ ಪೂರ್ತಿ ಇದೇ ವಿಷಯ. ಹೆಸರು ಯಾರದ್ದೂ ಹಾಕಿಲ್ಲ.

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನ್ರು ಎರಡು ವರ್ಷದ ಹಿಂದೆ ಯೇಸುವನ್ನ ನಂಬಿದ್ರು. ಮೊದಲೆಲ್ಲ ಆಫೀಸಲ್ಲಿ ಯಾರಾದ್ರೂ ಒಂದು ಮಾತು ಅಂದ್ರೆ ರಾತ್ರಿಯಿಡೀ ನಿದ್ದೆ ಮಾಡ್ತಿರಲಿಲ್ಲ, ಈಗ ಕೆಲಸಾನೇ ಹೋಗಿ ಮೂರು ತಿಂಗಳಾಯ್ತು, ಆದ್ರೂ ಸಮಾಧಾನವಾಗಿದ್ದಾರೆ, ದೇವರು ನೋಡ್ಕೋತಾನೆ ಅಂತಾರೆ. ನನಗೆ ಒಂದು ಕಡೆ ಖುಷಿ, ಇನ್ನೊಂದು ಕಡೆ ಭಯ. ಇದು ನಿಜವಾಗ್ಲೂ ಬದಲಾಗಿರೋದಾ ಅಥವಾ ಕಷ್ಟಕ್ಕೆ ಕಣ್ಣು ಮುಚ್ಚಿಕೊಂಡಿರೋದಾ?

ಉತ್ತರ: ತಂಗೀ, ನಿನ್ನ ಖುಷೀನೂ ಸರಿ, ಭಯಾನೂ ಸರಿ. ಅವರನ್ನ ನೋಡದೆ ಇಂಥದ್ದೇ ಅಂತ ಹೇಳೋಕೆ ನನಗಾಗಲ್ಲ, ಆದ್ರೆ ಏನನ್ನ ಗಮನಿಸಬೇಕು ಅಂತ ಹೇಳಬಲ್ಲೆ.

ನಮ್ಮಲ್ಲಿ ಬಹಳ ಜನ ಬದುಕನ್ನ ಒಂದು ಲೆಕ್ಕದ ಪುಸ್ತಕದ ಹಾಗೆ ಇಟ್ಕೊಂಡಿರ್ತೀವಿ. ಇಷ್ಟು ಮಾಡಿದೆ ಅದಕ್ಕೆ ಇಷ್ಟು ಬೆಲೆ, ಇಷ್ಟು ತಪ್ಪಿದೆ ಅದಕ್ಕೆ ಇಷ್ಟು ಅವಮಾನ, ಪಕ್ಕದವನಿಗೆ ಎಷ್ಟು ಸಿಕ್ತು, ನನಗ್ಯಾಕೆ ಕಡಿಮೆ. ಯಾರೋ ಒಂದು ಮಾತು ಅಂದ್ರೆ ನಿದ್ದೆ ಬರದೇ ಇರೋದು ಅದಕ್ಕೇ, ಆ ಮಾತಿಂದ ಪುಸ್ತಕದಲ್ಲಿ ನಮ್ಮ ಬೆಲೆ ಇಳಿದುಬಿಡ್ತು ಅನ್ಸುತ್ತೆ. ಕ್ರೈಸ್ತ ನಂಬಿಕೆ ಕೈ ಹಾಕೋದು ಸೀದಾ ಈ ಪುಸ್ತಕಕ್ಕೆ. ಕೃಪೆ ಅನ್ನೋ ಪದ ಚರ್ಚುಗಳಲ್ಲಿ ಎಷ್ಟು ಸಲ ಕೇಳ್ತೀವಿ ಅಂದ್ರೆ ಅದರ ಬಿಸಿಯೇ ಹೋಗಿಬಿಟ್ಟಿದೆ, ಆದ್ರೆ ಅದರ ಅರ್ಥ ಇಷ್ಟೇ, ನೀನು ಯೋಗ್ಯನಾದ ಮೇಲೆ ದೇವರು ಪ್ರೀತಿಸಿದ್ದಲ್ಲ, ಪ್ರೀತಿ ಮೊದಲೇ ಬಂದಿದೆ, ಬದಲಾಗೋದು ಆಮೇಲೆ. ಜಕ್ಕಾಯನ ಕಥೆ ಬೈಬಲ್‌ನಲ್ಲಿ, ಯೇಸುವಿನ ಬದುಕಿನ ಕಥೆ ಹೇಳೋ ಲೂಕನ ಸುವಾರ್ತೆ 19ನೇ ಅಧ್ಯಾಯದಲ್ಲಿದೆ. ಅವನು ಜನರನ್ನ ಹಿಂಡಿ ದುಡ್ಡು ಮಾಡಿದ್ದ ಸುಂಕದವರ ಮುಖ್ಯಸ್ಥ. ಯೇಸು ಅವನಿಗೆ ಮೊದಲು ಹಣ ವಾಪಸ್ ಕೊಡು, ಆಮೇಲೆ ನಿನ್ನ ಮನೆಗೆ ಬರ್ತೀನಿ ಅನ್ನಲಿಲ್ಲ, ಇವತ್ತು ನಿನ್ನ ಮನೆಯಲ್ಲೇ ಇಳ್ಕೋಬೇಕು ಅಂದ. ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ವಾಪಸ್ ಅಂತ ಜಕ್ಕಾಯ ಹೇಳಿದ್ದು ಅದಾದ್ಮೇಲೆ, ಅವನಾಗೇ. ಈ ಹಿಂದು ಮುಂದು ಮನಸ್ಸಿಗೆ ಇಳಿದವರಿಗೆ ಕೆಲಸ ಹೋದ್ರೆ ಕಷ್ಟ ಆಗೇ ಆಗುತ್ತೆ, ಆದ್ರೆ ತಾನೇ ಹೋದೆ ಅನ್ಸಲ್ಲ. ನಿಮ್ಮ ಯಜಮಾನ್ರ ಸಮಾಧಾನ ಇದಾಗಿದ್ರೆ ಅದನ್ನ ಅನುಮಾನದಿಂದ ನೋಡಬೇಡ, ಅದು ಸಿಗೋದು ಸುಲಭ ಅಲ್ಲ.

ಈಗ ಭಯದ ಮಾತು. ಸಮಾಧಾನ ಬೇರೆ, ಸುಮ್ಮನೆ ಕೂತ್ಕೊಳ್ಳೋದು ಬೇರೆ. ಎಲ್ಲ ಪರಿಸ್ಥಿತಿಯಲ್ಲೂ ತೃಪ್ತನಾಗಿರೋದನ್ನ ಕಲಿತಿದ್ದೀನಿ ಅಂತ, ಯೇಸುವಿನ ಮಾತು ಸಾರುತ್ತಾ ಊರೂರು ಸುತ್ತಿದ ಪೌಲ ಫಿಲಿಪ್ಪಿ ಊರಿನವರಿಗೆ ಪತ್ರ ಬರೆದಾಗ ಅವನು ಬೇಡಿ ಹಾಕಿಸ್ಕೊಂಡು ಸೆರೆಯಲ್ಲಿದ್ದ. ಕಲಿತಿದ್ದೀನಿ ಅಂತಾನೆ ನೋಡು, ಅಂದ್ರೆ ಒಂದೇ ದಿನಕ್ಕೆ ಬಂದಿದ್ದಲ್ಲ. ಅದೇ ಪೌಲ ಗುಡಾರ ಮಾಡೋ ಕಸಬು ಮಾಡ್ಕೊಂಡು ತನ್ನ ಹೊಟ್ಟೆ ತಾನೇ ಹೊರೀತಿದ್ದ, ಮತ್ತೆ ಕೆಲಸ ಮಾಡೋಕೆ ಮನಸ್ಸಿಲ್ಲದವನು ಊಟಾನೂ ಮಾಡಬಾರದು ಅಂತ ಥೆಸಲೋನಿಕದವರಿಗೆ ಖಡಕ್ಕಾಗಿ ಬರೆದವನೂ ಅವನೇ. ಹಾಗಾಗಿ ಯಜಮಾನ್ರು ದಿನಾ ಅರ್ಜಿ ಹಾಕ್ತಿದ್ದಾರಾ, ಯಾರನ್ನಾದ್ರೂ ಕೇಳ್ತಿದ್ದಾರಾ, ನಿನ್ನ ಜೊತೆ ಮನೆ ಖರ್ಚಿನ ಬಗ್ಗೆ ಕೂತು ಮಾತಾಡ್ತಿದ್ದಾರಾ ನೋಡು. ಇಷ್ಟೆಲ್ಲ ಮಾಡ್ತಾ ಸಮಾಧಾನವಾಗಿದ್ರೆ ಅದು ನಂಬಿಕೆ. ಇದ್ಯಾವುದೂ ಇಲ್ಲದೆ ನಿನ್ನ ಚಿಂತೆಗೆಲ್ಲ ದೇವರು ನೋಡ್ಕೋತಾನೆ ಅನ್ನೋ ಒಂದೇ ಉತ್ತರ ಕೊಡ್ತಿದ್ರೆ ಕೂರಿಸಿಕೊಂಡು ಪ್ರೀತಿಯಿಂದ ಹೇಳು, ನಿಮ್ಮ ಸಮಾಧಾನದ ಭಾರ ನನ್ನ ಮೇಲೆ ಬಿದ್ದಿದೆ ಅಂತ. ನಾಳೆ ಬಗ್ಗೆ ಚಿಂತೆ ಬೇಡ ಅಂದ ಯೇಸು ಆ ಹೊತ್ತಿಗೆ ಆ ಹೊತ್ತಿನ ಕಾಟ ಸಾಕು ಅಂತಾನೂ ಅಂದ. ಇವತ್ತಿನ ಕಾಟ ಇವತ್ತು ಇದ್ದೇ ಇದೆ ಅಂತ ಅವನೇ ಒಪ್ಪಿದ್ದಾನೆ, ಅದನ್ನ ನೀನೊಬ್ಬಳೇ ಹೊರೋದು ಮಾತ್ರ ಸರಿಯಲ್ಲ.

ಪ್ರಶ್ನೆ: ಅಮ್ಮ ಹೋಗಿ ಏಳು ತಿಂಗಳಾಯ್ತು, ಕ್ಯಾನ್ಸರ್ ಇತ್ತು. ನಾವೆಲ್ಲ ಉಪವಾಸ ಇದ್ದು ಪ್ರಾರ್ಥನೆ ಮಾಡಿದ್ವಿ. ಅಂತ್ಯಕ್ರಿಯೆ ದಿನ ಚರ್ಚ್ ಸಭೆಯವರೊಬ್ಬರು ನನ್ನ ಪಕ್ಕಕ್ಕೆ ಕರೆದು ನಿಮ್ಮ ಮನೆಯಲ್ಲಿ ಯಾರಿಗೋ ನಂಬಿಕೆ ಕಡಿಮೆ ಇತ್ತು ಅದಕ್ಕೇ ಹೀಗಾಯ್ತು ಅಂದ್ರು. ಅವತ್ತಿಂದ ಆ ಯಾರೋ ಅಂದ್ರೆ ನಾನೇ ಅನ್ಸುತ್ತೆ ಅಕ್ಕಾ. ಪ್ರಾರ್ಥನೆ ಮಾಡೋಕೆ ಕೂತ್ರೆ ಮಾತೇ ಬರಲ್ಲ.

ಉತ್ತರ: ಮಗಳೇ, ನಿನ್ನ ಪತ್ರ ಓದಿ ನಾನು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತೆ. ನೀನು ಕಾರಣ ಅಲ್ಲ. ಬಾಕಿ ಏನು ಓದ್ತೀಯೋ ಬಿಡ್ತೀಯೋ, ಇದನ್ನ ಮಾತ್ರ ಇನ್ನೊಂದು ಸಲ ಓದು, ಅಮ್ಮ ಹೋಗಿದ್ದಕ್ಕೆ ನೀನು ಕಾರಣ ಅಲ್ಲ.

ನಿನಗೆ ಆ ಮಾತು ಹೇಳಿದವರ ಯೋಚನೆ ಹೊಸದೇನಲ್ಲ, ಯೇಸುವಿನ ಶಿಷ್ಯರಿಗೂ ಅದೇ ಯೋಚನೆ ಇತ್ತು. ಯೋಹಾನನ ಸುವಾರ್ತೆ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನೊಬ್ಬನನ್ನ ನೋಡಿ ಅವರು ಕೇಳಿದ ಮೊದಲ ಪ್ರಶ್ನೆ, ಯಾರು ಪಾಪ ಮಾಡಿದ್ದು, ಇವನಾ ಇವನ ತಂದೆತಾಯಿನಾ ಅಂತ. ಎದುರಿಗೆ ಒಬ್ಬ ಮನುಷ್ಯ ಕೂತಿದ್ದಾನೆ, ಅವನಿಗೆ ಕಿವಿ ಕೇಳುತ್ತೆ, ಅವನ ಮುಂದೇನೇ ಈ ಚರ್ಚೆ! ಯೇಸು ಇಬ್ಬರದ್ದೂ ಅಲ್ಲ ಅಂದ, ಅಲ್ಲಿಗೆ ಆ ಲೆಕ್ಕ ಮುಗೀತು. ಬೈಬಲ್‌ನ ಯೋಬನ ಪುಸ್ತಕದಲ್ಲೂ ಹಾಗೇ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳ್ಕೊಂಡವನ ಹತ್ರ ಮೂರು ಜನ ಸ್ನೇಹಿತರು ಬಂದು ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಮಾತಿಲ್ಲದೆ ಕೂತ್ರು, ಅವರು ಮಾಡಿದ್ದರಲ್ಲಿ ಒಳ್ಳೇದು ಅಂದ್ರೆ ಅದೇ, ಆಮೇಲೆ ಬಾಯಿ ತೆಗೆದ್ರು, ನೀನೇ ಏನೋ ತಪ್ಪು ಮಾಡಿರ್ತೀಯ ಅಂತ ಅಧ್ಯಾಯಗಟ್ಟಲೆ ವಾದ ಮಾಡಿದ್ರು. ಕೊನೆಗೆ ದೇವರು ಸಿಟ್ಟಾಗಿದ್ದು ಯಾರ ಮೇಲೆ? ಅಷ್ಟೊಂದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಆ ಸ್ನೇಹಿತರ ಮೇಲೆ. ನೀವು ನನ್ನ ವಿಷಯ ಸರಿಯಾಗಿ ಮಾತಾಡಲಿಲ್ಲ ಅಂತ ಅವರಿಗೆ ಹೇಳಿದ.

ಪೌಲನ ಮೈಯಲ್ಲಿ ಏನೋ ಒಂದು ನೋವಿತ್ತು, ಅದನ್ನ ಅವನು ಮುಳ್ಳು ಅಂತ ಕರೀತಾನೆ. ಅದನ್ನ ತೆಗೆದುಬಿಡು ಅಂತ ಮೂರು ಸಲ ಬೇಡಿಕೊಂಡ. ತೆಗೀಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅಂತ ಉತ್ತರ ಬಂತು. ಪೌಲನಿಗೆ ನಂಬಿಕೆ ಕಡಿಮೆ ಇತ್ತು ಅಂತ ಯಾರಾದ್ರೂ ಹೇಳ್ತಾರಾ? ಅಷ್ಟೇ ಯಾಕೆ, ಗೆತ್ಸೇಮನೆ ತೋಟದಲ್ಲಿ ಈ ಪಾತ್ರೆ, ಅಂದ್ರೆ ಈ ಸಂಕಟ, ನನ್ನಿಂದ ದೂರ ಆಗಲಿ ಅಂತ ಯೇಸುವೇ ಬೇಡಿಕೊಂಡಿದ್ದು, ಮಾರನೇ ದಿನವೇ ಶಿಲುಬೆ. ಅಲ್ಲಿ ನನ್ನ ದೇವರೇ ಯಾಕೆ ಕೈಬಿಟ್ಟೆ ಅಂತ ಕೂಗಿದ್ದು ಬೈಬಲ್‌ನ ಹಾಡು-ಪ್ರಾರ್ಥನೆಗಳಲ್ಲಿ 22ನೇ ಕೀರ್ತನೆಯ ಮೊದಲ ಮಾತು. ದುಃಖದಲ್ಲಿರೋರು ಆಗಲೇ ನೂರಾರು ವರ್ಷದಿಂದ ಹೇಳ್ಕೊಂಡು ಬಂದಿದ್ದ ಮಾತದು. ನಂಬಿಕೆ ಅಂದ್ರೆ ಕಷ್ಟ ಬರದೇ ಇರೋ ಹಾಗೆ ಮಾಡೋ ಇನ್ಶೂರೆನ್ಸ್ ಅಂತ ಯಾರಾದ್ರೂ ನಿನಗೆ ಹೇಳಿಕೊಟ್ಟಿದ್ರೆ ಅವರು ಶಿಲುಬೆಯನ್ನೇ ಮರೆತು ಹೇಳಿಕೊಟ್ಟಿದ್ದಾರೆ. ನಾನು ಇದರಲ್ಲಿ ಮೆದುವಾಗಿ ಮಾತಾಡೋಕೆ ಆಗಲ್ಲ, ಸತ್ತವರ ಮನೆಗೆ ಬಂದು ಹೀಗೆ ಮಾತಾಡೋದು ಕ್ರೂರ.

ನನ್ನ ಅಪ್ಪ ಹಾಸಿಗೆ ಹಿಡಿದಿದ್ದಾಗ ನಾನೂ ರಾತ್ರಿಗಳಲ್ಲಿ ಕೇಳಿದ್ದೀನಿ, ಯಾಕೆ ಅಂತ. ಉತ್ತರ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಆದ್ರೆ ತನ್ನ ಗೆಳೆಯ ಲಾಜರನ ಸಮಾಧಿ ಹತ್ರ ಯೇಸು ಕಣ್ಣೀರು ಬಿಟ್ಟ ಅನ್ನೋ ವಾಕ್ಯವನ್ನ ಅದಕ್ಕೆ ಮುಂಚೆ ನೂರು ಸಲ ಓದಿದ್ದವಳು ಆಮೇಲೆ ಬೇರೆ ಥರ ಓದೋಕೆ ಶುರುಮಾಡಿದೆ. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ದವನು ಯಾಕೆ ಅಳಬೇಕಿತ್ತು? ಲಾಜರನ ಒಡಹುಟ್ಟಿದವಳು ಮರಿಯಳು ಅಳ್ತಿದ್ದಳು, ಅದಕ್ಕೆ ಅತ್ತ, ನನಗೆ ಅರ್ಥ ಆಗಿರೋದು ಅಷ್ಟು. ನನ್ನ ದುಃಖಕ್ಕೆ ಕಾರಣ ಹೇಳದೇ ಇದ್ರೂ ನನ್ನ ಜೊತೆ ಅಳೋ ದೇವರು ಇದ್ದಾನೆ ಅಂತಾದಾಗ ದುಃಖ ಕಡಿಮೆ ಆಗಲಿಲ್ಲ, ಒಂಟಿತನ ಕಡಿಮೆ ಆಯ್ತು.

ಮಾತು ಬರದಿದ್ರೆ ಬಿಡು, ಬಲವಂತ ಮಾಡ್ಕೋಬೇಡ. ಕೀರ್ತನೆಗಳ ಪುಸ್ತಕ ತೆಗೆದು 88ನೇದು ಓದು, ಅದು ಕತ್ತಲೆಯಲ್ಲೇ ಮುಗಿಯುತ್ತೆ, ಕೊನೆಗೊಂದು ಸಿಹಿ ಸಾಲು ಅಂತ ಇಲ್ಲ, ಆದ್ರೂ ಅದನ್ನ ಸತ್ಯವೇದದಲ್ಲಿ, ಅಂದ್ರೆ ಬೈಬಲ್‌ನಲ್ಲಿ, ಇಟ್ಟಿದ್ದಾರೆ. ಇನ್ನೊಂದು ಮಾತು, ನಿದ್ದೆ ಊಟ ಕೆಟ್ಟಿದ್ರೆ, ಬದುಕೋದೇ ಬೇಡ ಅನ್ಸಿದ್ರೆ ಇವತ್ತೇ ನಿನ್ನವರು ಯಾರಿಗಾದ್ರೂ ಹೇಳು, ಡಾಕ್ಟರ್ ಹತ್ರ ಹೋಗು, ಅದು ನಂಬಿಕೆ ಕಡಿಮೆಯಾದ ಗುರುತಲ್ಲ. ಪೌಲ ತನ್ನ ಜೊತೆಗಾರ ಲೂಕನನ್ನ ಪ್ರಿಯ ವೈದ್ಯ ಅಂತಾನೇ ಕರೆದಿದ್ದು.

ಪ್ರಶ್ನೆ: ನಾನು ಕ್ರೈಸ್ತನಲ್ಲ, ಯಾವ ಧರ್ಮಕ್ಕೂ ಸೇರಬೇಕು ಅನ್ನೋ ಯೋಚನೆಯೂ ಇಲ್ಲ. ಯೇಸು ಏನು ಹೇಳಿದ ಅಂತ ಓದಿ ನೋಡಬೇಕು ಅಷ್ಟೇ. ಎಲ್ಲಿಂದ ಶುರು ಮಾಡಲಿ? ಬೈಬಲ್‌ನ ಮೊದಲ ಪುಟದಿಂದ ಶುರು ಮಾಡಿ ಎರಡು ಸಲ ಅರ್ಧಕ್ಕೇ ಬಿಟ್ಟೆ.

ಉತ್ತರ: ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಚಿಕ್ಕದು, ಒಂದು ಸಂಜೆಗೆ ಓದಿ ಮುಗಿಸಬಹುದು. ಆಮೇಲೆ ಲೂಕ 15, ಮತ್ತಾಯ 5ರಿಂದ 7. ಒಪ್ಪಬೇಕು ಅಂತೇನಿಲ್ಲ, ಜಗಳ ಆಡ್ತಾ ಓದಿ, ಮಾರ್ಜಿನ್‌ನಲ್ಲಿ ಪ್ರಶ್ನೆ ಗುರುತು ಹಾಕಿ. ಯಾರಾದ್ರೂ ನಿಮ್ಮನ್ನ ಹೆದರಿಸಿ ಅಥವಾ ಆಸೆ ತೋರಿಸಿ ನಂಬಿಸೋಕೆ ಬಂದ್ರೆ ದೂರ ಇರಿ, ಹಾಗೆ ಬಂದ ನಂಬಿಕೆ ನಂಬಿಕೆಯೇ ಅಲ್ಲ ಅಂತ ನಂಬಿರೋಳು ನಾನು.

ಪ್ರಶ್ನೆ: ನನ್ನ ಸ್ವಂತ ಅಣ್ಣ ನನ್ನ ಸೈನ್ ಹಾಕಿಸ್ಕೊಂಡು ಆಸ್ತಿ ತನ್ನ ಹೆಸರಿಗೆ ಮಾಡ್ಕೊಂಡ. ಕೇಳೋಕೆ ಹೋದ್ರೆ ಕೈ ಮಾಡಿದ. ನೀನು ವಿಶ್ವಾಸಿ ತಾನೇ, ಕ್ಷಮಿಸು, ಕೇಸ್ ವಾಪಸ್ ತಗೋ ಅಂತ ಎಲ್ಲರೂ ನನಗೇ ಹೇಳ್ತಾರೆ. ಕ್ಷಮಿಸೋದು ಅಂದ್ರೆ ಏನು ಅಕ್ಕಾ?

ಉತ್ತರ: ತಮ್ಮಾ, ಮೊದಲು ಏನಲ್ಲ ಅಂತ ಹೇಳಿಬಿಡ್ತೀನಿ. ಏನೂ ಆಗಿಲ್ಲ ಅಂತ ನಟಿಸೋದು ಕ್ಷಮೆ ಅಲ್ಲ. ಮತ್ತೆ ಅದೇ ಮನುಷ್ಯನ ಕೈಗೆ ಸೈನ್ ಮಾಡಿದ ಖಾಲಿ ಹಾಳೆ ಕೊಡೋದೂ ಅಲ್ಲ. ನಿನ್ನ ನಂಬಿಕೆ ಮುರಿದವನು ಅದನ್ನ ಮತ್ತೆ ಸಂಪಾದಿಸಬೇಕು, ಕ್ಷಮೆ ಮಾತ್ರ ನೀನು ಒಬ್ಬನೇ ಕೂತು ಕೊಡಬಹುದು. ಕೇಸ್ ನಡೆಸೋದು ಬಿಡೋದು ನಿನ್ನ ವಕೀಲರ ಹತ್ರ ಮಾತಾಡಿ ತೀರ್ಮಾನ ಮಾಡು, ನ್ಯಾಯ ಕೇಳೋದು ದ್ವೇಷ ಅಲ್ಲ, ವಿನಾಕಾರಣ ಚಾವಟಿ ಏಟು ಕೊಡೋಕೆ ಹೊರಟಾಗ ಪೌಲನೂ ತನ್ನ ರೋಮನ್ ಪೌರತ್ವದ ಹಕ್ಕು ಕೇಳಿದ. ಮತ್ತೆ ಕೈ ಮಾಡೋ ಮನುಷ್ಯನಿಂದ ದೂರ ಇರೋದು ಪಾಪ ಅಂತ ಯಾರು ಹೇಳಿದ್ರೂ ಕೇಳಬೇಡ. ಈ ಮಾತು ಗಂಡನ ಏಟು ತಿಂದ್ಕೊಂಡು ಕ್ಷಮೆ ಅಂತ ಸುಮ್ಮನಿರೋ ಹೆಣ್ಣುಮಕ್ಕಳಿಗೂ ಸೇರಿಸಿ ಬರೀತಿದ್ದೀನಿ.

ಹಾಗಾದ್ರೆ ಕ್ಷಮೆ ಅಂದ್ರೆ? ಅವನು ನಿನಗೆ ಕೊಡಬೇಕಾದ ಒಂದು ಬಾಕಿಯನ್ನ, ಆಸ್ತಿಯಲ್ಲ, ಅವನು ಹಾಳಾಗಿ ಹೋಗೋದನ್ನ ನೋಡಬೇಕು ಅನ್ನೋ ಆ ಬಾಕಿಯನ್ನ, ನಿನ್ನ ಮನಸ್ಸಿನ ಲೆಕ್ಕದ ಪುಸ್ತಕದಿಂದ ಹೊಡೆದುಹಾಕೋದು. ಕೊರಿ ಟೆನ್ ಬೂಮ್ ಅಂತ ಹಾಲೆಂಡಿನ ಒಬ್ಬ ಹೆಣ್ಣುಮಗಳು, ಎರಡನೇ ಮಹಾಯುದ್ಧದ ಕಾಲದಲ್ಲಿ ಯಹೂದಿಗಳನ್ನ ಮನೆಯಲ್ಲಿ ಬಚ್ಚಿಟ್ಟಿದ್ದಕ್ಕೆ 1944ರಲ್ಲಿ ನಾಜಿಗಳು ಇಡೀ ಕುಟುಂಬವನ್ನ ಹಿಡ್ಕೊಂಡು ಹೋದ್ರು. ಅಪ್ಪ ಕೆಲವೇ ದಿನಕ್ಕೆ ತೀರಿಕೊಂಡ್ರು, ಅಕ್ಕ ಬೆಟ್ಸಿ ಅದೇ ವರ್ಷ ಡಿಸೆಂಬರಲ್ಲಿ ರಾವೆನ್ಸ್‌ಬ್ರುಕ್ ಅನ್ನೋ ನಾಜಿ ಸೆರೆ ಕ್ಯಾಂಪಲ್ಲಿ ಸತ್ತಳು. 1947ರಲ್ಲಿ ಮ್ಯೂನಿಕ್‌ನಲ್ಲಿ ಕೊರಿ ಕ್ಷಮೆ ಬಗ್ಗೆ ಮಾತಾಡಿ ಮುಗಿಸಿದಾಗ ಅದೇ ಕ್ಯಾಂಪಿನ ಕಾವಲುಗಾರನಾಗಿದ್ದವನು ಎದುರಿಗೆ ಬಂದು ಕೈ ಚಾಚಿದ. ಈಗಷ್ಟೇ ಕ್ಷಮೆ ಬಗ್ಗೆ ಭಾಷಣ ಮಾಡಿದವಳಿಗೆ ಕೈ ಎತ್ತೋಕೆ ಆಗಲಿಲ್ಲ. ಮನಸ್ಸಲ್ಲಿ ಒಂದು ಚೂರೂ ಪ್ರೀತಿ ಇರಲಿಲ್ಲ ಅಂತ ಅವಳೇ ಹೇಳ್ಕೊಂಡಿದ್ದಾಳೆ. ನನ್ನಿಂದ ಆಗಲ್ಲ, ನೀನೇ ಸಹಾಯ ಮಾಡು ಅಂತ ಒಳಗೇ ಬೇಡಿಕೊಂಡು ಮರದ ಕೈ ಎತ್ತಿದ ಹಾಗೆ ಕೈ ಚಾಚಿದಳು, ಮನಸ್ಸು ಆಮೇಲೆ ಬಂತು.

ಇದನ್ನ ಹೇಳಿದ್ದು ನೀನೂ ನಾಳೇನೇ ಅಣ್ಣನ ಕೈ ಕುಲುಕು ಅಂತಲ್ಲ. ಆ ಮನುಷ್ಯ ಬಂದು ತಪ್ಪಾಯ್ತು ಅಂದಿದ್ದ, ನಿನ್ನಣ್ಣ ಇನ್ನೂ ಅಂದಿಲ್ಲ. ಮನಸ್ಸು ಬರಲಿ ಆಮೇಲೆ ಕ್ಷಮಿಸ್ತೀನಿ ಅಂತ ಕಾಯ್ತಾ ಕೂತ್ರೆ ಮನಸ್ಸು ಬರಲ್ಲ, ಅದಕ್ಕೆ ಹೇಳಿದೆ. ಏಳು ಸಲ ಕ್ಷಮಿಸಿದ್ರೆ ಸಾಕಾ ಅಂತ ಶಿಷ್ಯ ಪೇತ್ರ ಕೇಳಿದಾಗ ಏಳೆಪ್ಪತ್ತು ಸಲ ಅಂದ ಯೇಸು. ನಾನು ಮೊದಲು ಅದನ್ನ ಏಳೆಪ್ಪತ್ತು ತಪ್ಪುಗಳ ಲೆಕ್ಕ ಅಂತ ಓದ್ತಿದ್ದೆ, ಈಗ ಅನ್ಸುತ್ತೆ ಒಂದೇ ತಪ್ಪನ್ನ ಅಷ್ಟು ಸಲ ಕ್ಷಮಿಸಬೇಕಾಗುತ್ತೆ, ಬೆಳಿಗ್ಗೆ ಕ್ಷಮಿಸಿರ್ತೀವಿ, ಸಂಜೆಗೆ ಮತ್ತೆ ನೆನಪಾಗಿ ರಕ್ತ ಕುದಿಯುತ್ತೆ, ಮತ್ತೆ ಮೊದಲಿಂದ.

ಪ್ರಶ್ನೆ: ನಂಬಿ ಹತ್ತು ವರ್ಷ ಆಯ್ತು, ಸಭೆಯಲ್ಲಿ ಹಾಡೋದೂ ನಾನೇ. ಆದ್ರೆ ಮನೆಯಲ್ಲಿ ಮಕ್ಕಳ ಮೇಲೆ ಅದೇ ಕೂಗಾಟ, ಅದೇ ಸಿಟ್ಟು. ನಾನು ನಿಜವಾಗ್ಲೂ ಬದಲಾಗಿದ್ದೀನಾ ಅಥವಾ ನಾಟಕ ಮಾಡ್ತಿದ್ದೀನಾ?

ಉತ್ತರ: ಇದನ್ನ ಬರೆದಿದ್ದೀಯಲ್ಲ ತಂಗೀ, ನಾಟಕ ಮಾಡೋರಿಗೆ ಇದು ಚುಚ್ಚಲ್ಲ.

ಪಶ್ಚಾತ್ತಾಪ ಅಂತ ನಾವು ಓದೋ ಕಡೆ ಮೂಲ ಗ್ರೀಕ್ ಭಾಷೆಯಲ್ಲಿರೋ ಪದ ಮೆಟನೋಯಿಯಾ, ಅಂದ್ರೆ ಮನಸ್ಸು ತಿರುಗೋದು, ನೋಡೋ ದಿಕ್ಕೇ ಬದಲಾಗೋದು. ದಿಕ್ಕು ಒಂದು ಕ್ಷಣಕ್ಕೆ ಬದಲಾಗಬಹುದು, ನಡೆಯೋಕೆ ಮಾತ್ರ ವರ್ಷಗಳು ಬೇಕು. ಜಾನ್ ನ್ಯೂಟನ್ ಅಂತ ಇಂಗ್ಲೆಂಡಿನವನು, 1748ರಲ್ಲಿ ಸಮುದ್ರದ ಬಿರುಗಾಳಿಯಲ್ಲಿ ಹಡಗು ಮುಳುಗೋ ಹಾಗಾದಾಗ ದೇವರನ್ನ ಕೂಗಿದ, ಅಲ್ಲಿಂದಲೇ ತನ್ನ ನಂಬಿಕೆ ಶುರುವಾಯ್ತು ಅಂತ ಸಾಯೋವರೆಗೂ ಹೇಳ್ತಿದ್ದ. ಆದ್ರೆ ಅದಾದ ಮೇಲೂ ಅವನು ಗುಲಾಮರನ್ನ ಸಾಗಿಸೋ ಹಡಗಿನ ಕ್ಯಾಪ್ಟನ್ ಆಗಿದ್ದ! 1754ರಲ್ಲಿ ಆ ಕೆಲಸ ಬಿಟ್ಟಿದ್ದು ಆರೋಗ್ಯ ಕೆಟ್ಟು. ಬೋಧಕನಾಗಿ ಎಷ್ಟೋ ವರ್ಷ ಆದ್ಮೇಲೆ 1788ರಲ್ಲಿ ಆ ವ್ಯಾಪಾರದ ವಿರುದ್ಧ ಬರೆದು, ನಾನೂ ಅದರಲ್ಲಿ ಪಾಲುಗಾರನಾಗಿದ್ದೆ ಅಂತ ತನ್ನ ನಾಚಿಕೆಯನ್ನ ಎಲ್ಲರ ಮುಂದೆ ಇಟ್ಟ. ಬಿರುಗಾಳಿಯಿಂದ ಅಲ್ಲಿಗೆ 40 ವರ್ಷ. ಅಷ್ಟು ತಡವಾಗಿದ್ದಕ್ಕೆ ನನಗೆ ಅವನ ಮೇಲೆ ಸಿಟ್ಟೂ ಬರುತ್ತೆ, ಯಾಕಂದ್ರೆ ಆ ತಡಕ್ಕೆ ಬೆಲೆ ಕೊಟ್ಟಿದ್ದು ಅವನಲ್ಲ, ಹಡಗಿನ ತಳದಲ್ಲಿದ್ದ ಜನ.

ನಿನಗೂ ಅದನ್ನೇ ಹೇಳ್ತೀನಿ. ತಡ ಆಗೋದು ಸಹಜ, ಆದ್ರೆ ತಡಕ್ಕೆ ಬೆಲೆ ಕೊಡ್ತಿರೋದು ನಿನ್ನ ಮಕ್ಕಳು. ಕೂಗಾಡಿದ ಮೇಲೆ ದೇವರ ಹತ್ರ ಮಾತ್ರ ಕ್ಷಮೆ ಕೇಳಿ ಎದ್ದುಬಿಡಬೇಡ, ಮಗುವಿನ ಹತ್ರಾನೂ ಹೋಗಿ ಕೂತು ನನ್ನದು ತಪ್ಪು ಅಂತ ಹೇಳು, ಅದರಲ್ಲಿ ನಿನ್ನ ದೊಡ್ಡತನ ಏನೂ ಕಡಿಮೆ ಆಗಲ್ಲ. ಯಾವ ಹೊತ್ತಲ್ಲಿ ಸಿಟ್ಟು ಬರುತ್ತೆ ಅಂತ ಒಂದು ವಾರ ಗಮನಿಸು, ಸುಸ್ತಾದಾಗಲೇ ಬರೋದು ಅಂತಾದ್ರೆ ಸಭೆಯ ಕೆಲಸದಲ್ಲಿ ಒಂದನ್ನ ಬಿಟ್ಟು ಮಲಗು. ಹೌದು, ಹಾಡೋದನ್ನೇ ಬೇಕಾದ್ರೆ ಸ್ವಲ್ಪ ದಿನ ಬಿಡು.

ಪ್ರಶ್ನೆ: ನಮಸ್ಕಾರ. ನನಗೆ 68 ವರ್ಷ, ರಿಟೈರ್ ಆಗಿದ್ದೀನಿ. ಜೀವನಪೂರ್ತಿ ಪ್ರಮೋಷನ್, ಹೆಸರು ಅಂತ ಓಡಿದೆ. ಮಗನಿಗೆ ಮಾರ್ಕ್ಸ್ ಬಿಟ್ಟು ಬೇರೆ ಏನೂ ಕೇಳಿದವನಲ್ಲ, ಅವನು ಮಾತು ಬಿಟ್ಟು ನಾಲ್ಕು ವರ್ಷ ಆಯ್ತು. ಈಚೆಗೆ ಸುವಾರ್ತೆ ಓದ್ತಾ ಇದ್ದೀನಿ, ಮನಸ್ಸು ಕರಗುತ್ತೆ. ಆದ್ರೆ ಈ ವಯಸ್ಸಲ್ಲಿ ನಂಬಿ ಏನು ಬದಲಾಗುತ್ತೆ, ತಡವಾಯ್ತಲ್ವಾ?

ಉತ್ತರ: ಹಿರಿಯರೇ, ನಿಮ್ಮ ಪ್ರಶ್ನೆಗೆ ಯೇಸುವೇ ಒಂದು ಕಥೆ ಹೇಳಿದ್ದಾನೆ, ಮತ್ತಾಯ 20ರಲ್ಲಿ. ದ್ರಾಕ್ಷಿತೋಟದ ಯಜಮಾನ ಬೆಳಿಗ್ಗೆ ಕೆಲವರನ್ನ ಕೂಲಿಗೆ ಕರೆದ, ಮಧ್ಯಾಹ್ನ ಕೆಲವರನ್ನ, ಇನ್ನೊಂದೇ ಗಂಟೆ ಹೊತ್ತಿದೆ ಅನ್ನುವಾಗ ಕೊನೆಯವರನ್ನ. ಸಂಜೆ ಎಲ್ಲರಿಗೂ ಒಂದೇ ಕೂಲಿ ಕೊಟ್ಟ. ಬೆಳಿಗ್ಗೆಯಿಂದ ಬಿಸಿಲಲ್ಲಿ ದುಡಿದವರು ಗೊಣಗಿದ್ರು, ನಾನಾದ್ರೂ ಗೊಣಗ್ತಿದ್ದೆ. ಯಜಮಾನ ಅವರಿಗೆ ಮೋಸ ಮಾಡಿರಲಿಲ್ಲ, ಮಾತಾಡಿದಷ್ಟೇ ಕೊಟ್ಟಿದ್ದ. ಆದ್ರೆ ದಿನಪೂರ್ತಿ ಯಾರೂ ಕರೀದೆ ನಿಂತೇ ಇದ್ದವರ ಕಡೆಯಿಂದ ಆ ಕಥೆ ಓದಿದ್ರೆ ಕಣ್ಣು ತುಂಬುತ್ತೆ. ಶಿಲುಬೆಯ ಪಕ್ಕದಲ್ಲಿ ನೇತಾಡ್ತಿದ್ದ ಕಳ್ಳನಿಗೆ ಒಂದು ಗಂಟೆಯ ಕೆಲಸಕ್ಕೂ ಟೈಮ್ ಇರಲಿಲ್ಲ, ಇವತ್ತೇ ನನ್ನ ಜೊತೆ ಇರ್ತೀಯ ಅನ್ನೋ ಮಾತು ಅವನಿಗೂ ಸಿಕ್ತು.

ಏನು ಬದಲಾಗುತ್ತೆ ಅಂದ್ರಲ್ಲ, ನಿಮ್ಮ ಪತ್ರದಲ್ಲೇ ಬದಲಾಗಿದೆ. 68 ವರ್ಷದ ಬದುಕನ್ನ ಹೇಳೋಕೆ ಕೂತವರು ಸಿಕ್ಕ ಹುದ್ದೆಗಳ ಪಟ್ಟಿ ಕೊಡಲಿಲ್ಲ, ಮಗನ ವಿಷಯ ಬರೆದ್ರಿ. ಲೂಕ 15ರಲ್ಲಿ ಮನೆ ಬಿಟ್ಟು ಹೋದ ಮಗನ ಕಥೆ ನೀವು ಓದಿರ್ತೀರಿ. ಅದರಲ್ಲಿ ನಾವೆಲ್ಲ ಮಗನನ್ನೇ ನೋಡ್ತೀವಿ, ನೀವು ಈ ಸಲ ಅಪ್ಪನನ್ನ ನೋಡಿ. ಮಗ ಇನ್ನೂ ದೂರದಲ್ಲಿರುವಾಗಲೇ ಅಪ್ಪ ಕಂಡ, ಅಂದ್ರೆ ದಾರಿ ನೋಡ್ತಾನೇ ಇದ್ದ ಅಂತ ನನಗನ್ಸುತ್ತೆ, ಕಂಡ ತಕ್ಷಣ ಓಡಿದ. ಮಗ ತಯಾರಿ ಮಾಡ್ಕೊಂಡು ಬಂದಿದ್ದ ಕ್ಷಮಾಪಣೆಯನ್ನ ಪೂರ್ತಿ ಹೇಳೋಕೂ ಬಿಡಲಿಲ್ಲ. ನಿಮ್ಮ ಮನೆಯಲ್ಲಿ ಕ್ಷಮೆ ಕೇಳಬೇಕಾದವರು ಅಪ್ಪ, ಅಷ್ಟೇ ವ್ಯತ್ಯಾಸ, ಓಡೋ ಕೆಲಸ ಆಗಲೂ ಅಪ್ಪನದ್ದೇ.

ಆದ್ರೆ ಮಗ ತಕ್ಷಣ ಕರಗಿಬಿಡ್ತಾನೆ ಅಂತ ಲೆಕ್ಕ ಹಾಕ್ಕೊಂಡು ಹೋಗಬೇಡಿ. ಅವನಿಗೂ ಅವನ ಸಮಯ ಬೇಕು, ನಾಲ್ಕು ವರ್ಷದ ಹಿಂದೆ ಆಗಿದ್ದು ಮಾತ್ರ ಅಲ್ಲ ಅದು, ಅದರ ಹಿಂದೆ ಬಾಲ್ಯ ಪೂರ್ತಿ ಇದೆ. ಸುವಾರ್ತೆ ಓದಿದ್ದು, ನಂಬಿದ್ದು ಇದ್ಯಾವುದನ್ನೂ ಮೊದಲ ದಿನ ಹೇಳೋಕೆ ಹೋಗಬೇಡಿ, ಬೋಧನೆ ಅನ್ಸಿಬಿಡುತ್ತೆ. ಇವತ್ತು ಸಂಜೆ ಫೋನ್ ಮಾಡಿ. ಅವನು ಎತ್ತಿದ್ರೆ ಏನು ಮಾಡ್ತಿದ್ದೀಯ, ಎಷ್ಟು ಸಂಪಾದನೆ ಅಂತ ಕೇಳಬೇಡಿ, ತಪ್ಪು ನನ್ನದು ಮಗಾ ಅಂತಷ್ಟೇ ಹೇಳಿ ಸುಮ್ಮನಾಗಿ, ಅವನು ಏನಾದ್ರೂ ಬೈದ್ರೆ ಪೂರ್ತಿ ಕೇಳಿಸ್ಕೊಳ್ಳಿ. ಎತ್ತದಿದ್ರೆ ಕೈಯಲ್ಲೊಂದು ಪತ್ರ ಬರೆದು ಹಾಕಿ. ಏನಾಯ್ತು ಅಂತ ನನಗೂ ಬರೀರಿ, ಕಾಯ್ತಿರ್ತೀನಿ.